ಆಟದ ಹುಡುಗನೂ ಅರ್ಕಾವತ್ತೂ

ಹೊಳೆನರಸೀಪುರದ ಭಕ್ತರೊಬ್ಬರ ಮನೆಯಲ್ಲಿ ಮೊಮ್ಮಗನು ವಿಡಿಯೋ ಗೇಮಿನಲ್ಲಿ ಮಗ್ನನಾಗಿದ್ದನು. “ಶಾಸ್ತ್ರಿಗಳೇ, ತಾವಾದರೂ ಬುದ್ಧಿ ಹೇಳಿ” ಎಂದರು ಅಜ್ಜಿ. ನಮ್ಮ ಚಿಂತೆಯೇ ಬೇರೆಯಿತ್ತು. ಇಪ್ಪತ್ತು ವರ್ಷಗಳ ಹಿಂದೆ ಕಂಪ್ಯೂಟರಿನಲ್ಲಿ ಅಚ್ಚುಮಾಡಿಸಿಟ್ಟ ನಮ್ಮ ವಚನ ಟಿಪ್ಪಣಿಗಳು ಈಗ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತಿದ್ದವು. ಕೈಬರಹದ ಪ್ರತಿಯೂ ಉಳಿದಿಲ್ಲ.

ಹುಡುಗನು ಆಟ ನಿಲ್ಲಿಸಿ ವಿವರಿಸಿದನು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ಬಳಕೆಗೆ ಬರಲು ಮಾತ್ರ ವರ್ಷಗಳೇ ಹಿಡಿದವು. ಅಲ್ಲಿ ‘ಕ್ಷ’ ಎಂಬುದು ಒಂದಲ್ಲ, ಮೂರು: ಕ, ಹಲಂತಚಿಹ್ನೆ, ಷ. (ನಮ್ಮ ವ್ಯಾಕರಣದ ಗುರುಗಳು ಕೇಳಿದ್ದರೆ ಹಿಗ್ಗುತ್ತಿದ್ದರು!)

ವಾರದೊಳಗೆ ಅವನೇ ಪ್ರೋಗ್ರಾಮ್ ಬರೆದು ಟಿಪ್ಪಣಿಗಳನ್ನು ಮರಳಿಸಿದನು. ‘ಧರ್ಮ’ದಲ್ಲಿ ಕೊನೆಗೆ ಬರೆಯುವ ಅರ್ಕಾವತ್ತನ್ನು ಯಂತ್ರವು ಮೊದಲೇ ಕೇಳುವುದರಿಂದ ಅಂಥ ಪದಗಳು ಹಲವೆಡೆ ಕೆಟ್ಟಿವೆ. ಇಬ್ಬರೂ ಕುಳಿತು ತಿದ್ದುತ್ತಿದ್ದೇವೆ. ಆಟ ಬಿಡೆನ್ನಲು ನಮಗಿನ್ನೂ ಬಾಯಿ ಬಂದಿಲ್ಲ.