ಮನೆಯೊಡನೆ ಹೊರಟ ಪ್ರವಾಸಿಯೂ ದಾರಿಯ ಊರುಗಳೂ

ಕೆನಡಾದ ಡಾಸನ್ ಕ್ರೀಕ್ ಎಂಬ ಚಿಕ್ಕ ಪಟ್ಟಣದ ನಡುವೆ ‘ಸೊನ್ನೆ ಮೈಲಿ’ ಎಂದು ಸಾರುವ ಕಂಬವೊಂದು ನಿಂತಿದೆ. ಅಲಾಸ್ಕಾ ಹೆದ್ದಾರಿ ಆ ಪಟ್ಟಣದಿಂದ ಹೊರಟು, ಬ್ರಿಟಿಷ್ ಕೊಲಂಬಿಯಾ ಮತ್ತು ಯುಕಾನ್ ಪ್ರದೇಶಗಳನ್ನು ಹಾದು, ಸುಮಾರು 2,200 ಕಿಲೋಮೀಟರ್ ದೂರದಲ್ಲಿ ಅಲಾಸ್ಕಾದ ಡೆಲ್ಟಾ ಜಂಕ್ಷನ್ ಸೇರುತ್ತದೆ. ಬೇಸಿಗೆ ಬಂತೆಂದರೆ ಈ ದಾರಿಯಲ್ಲಿ ಕ್ಯಾರವಾನ್‌ಗಳ ಸಾಲು. ಒಲೆ, ಹಾಸಿಗೆ, ಶೌಚಗೃಹ, ನೀರಿನ ತೊಟ್ಟಿ, ಅನಿಲದ ಸಿಲಿಂಡರು, ವಾರಕ್ಕಾಗುವಷ್ಟು ದಿನಸಿ ಇವೆಲ್ಲವನ್ನೂ ತುಂಬಿಕೊಂಡ ಒಂದು ಮನೆಯೇ ಗಾಲಿಗಳ ಮೇಲೆ ಉತ್ತರಕ್ಕೆ ಹೊರಡುತ್ತದೆ.

ಇದನ್ನು ಬರಿಯ ಸಿರಿವಂತರ ಶೋಕಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಯುಕಾನ್‌ನ ವಿಸ್ತೀರ್ಣ ಕರ್ನಾಟಕದ ಎರಡೂವರೆ ಪಟ್ಟು. 2021ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 40,000. ಅವರಲ್ಲಿಯೂ ಹತ್ತರಲ್ಲಿ ಏಳು ಜನ ರಾಜಧಾನಿ ವೈಟ್‌ಹಾರ್ಸ್‌ನಲ್ಲಿಯೇ ಇದ್ದಾರೆ. ಉಳಿದ ನೆಲದಲ್ಲಿ ಒಂದು ಪೆಟ್ರೋಲ್ ಪಂಪಿನಿಂದ ಮತ್ತೊಂದಕ್ಕೆ ಗಂಟೆಗಟ್ಟಲೆ ಪಯಣ. ವರ್ಷವಿಡೀ ಹೆಪ್ಪುಗಟ್ಟಿರುವ ನೆಲ ಅಲ್ಲಲ್ಲಿ ಕರಗಿ ಕುಸಿಯುವುದರಿಂದ ರಸ್ತೆ ಅಲೆಅಲೆಯಾಗಿ ಏಳುತ್ತದೆ, ಬೀಳುತ್ತದೆ; ವೇಗ ತಗ್ಗಿಸದವನ ಪಾತ್ರೆ-ಪಡಗಗಳು ಕಪಾಟಿನಿಂದ ನೆಲಕ್ಕುರುಳುತ್ತವೆ. ಇಂಥ ಸೀಮೆಯಲ್ಲಿ ಮನೆಯನ್ನು ಜೊತೆಗೊಯ್ಯುವುದು ವಿವೇಕವೇ ಸರಿ. ಬೇಸಿಗೆಯ ಮೂರು ತಿಂಗಳ ಈ ಪ್ರವಾಸಿಗರಿಂದಲೇ ದಾರಿಯ ಎಷ್ಟೋ ಪಂಪುಗಳು, ಉಪಾಹಾರಗೃಹಗಳು, ತಂಗುದಾಣಗಳು ವರ್ಷದ ಗಳಿಕೆಯನ್ನು ಮಾಡಿಕೊಳ್ಳಬೇಕಾಗಿದೆ.

ಆದರೂ ಈ ಪ್ರವಾಸಕ್ರಮದಲ್ಲಿ ಒಂದು ಕೊರತೆ ಅಡಗಿದೆ. ಹಿಂದಿನ ಪಯಣಿಗನು ಕತ್ತಲಾದಾಗ ಯಾರದೋ ಬಾಗಿಲು ತಟ್ಟಬೇಕಾಗಿತ್ತು. ನೀರು ಕೇಳಬೇಕು, ದಾರಿ ಕೇಳಬೇಕು, ಮಲಗಲು ಜಗುಲಿ ಕೇಳಬೇಕು. ಕೇಳಬೇಕಾದರೆ ನಾಲ್ಕು ಮಾತನ್ನಾದರೂ ಕಲಿಯಬೇಕು. ಮನೆಯನ್ನೇ ಎಳೆದು ತಂದವನಿಗೆ ಈ ಹಂಗಿಲ್ಲ. ದಾರಿಯ ಮೈಲಿ ಮೈಲಿಗೂ ಏನಿದೆಯೆಂದು ವಿವರಿಸುವ ‘ದಿ ಮೈಲ್‌ಪೋಸ್ಟ್’ ಎಂಬ ಕೈಪಿಡಿ 1949ರಿಂದಲೂ ದೊರೆಯುತ್ತಿದೆ. ಅದು ಬಲು ಉಪಯುಕ್ತ ಗ್ರಂಥ, ಅನುಮಾನವಿಲ್ಲ. ಆದರೆ ಅದನ್ನಷ್ಟೇ ನಂಬಿ ಹೋಗುವವನಿಗೆ ಊರು ಎಂಬುದು ಇಂಧನ ತುಂಬುವ, ಕೊಳೆನೀರು ಚೆಲ್ಲುವ ಒಂದು ಅಂಕಿಯಾಗಿ ಉಳಿಯುತ್ತದೆ. ಹಂಗಿಲ್ಲದ ಪ್ರವಾಸ ಕಿವಿಯಿಲ್ಲದ ಪ್ರವಾಸವಾಗುವ ಅಪಾಯ ಇಲ್ಲಿದೆ.

ಆ ದಾರಿಯಾದರೂ ಹೇಗೆ ಹುಟ್ಟಿತು? 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಎರಗಿದ ಬಳಿಕ ಅಲಾಸ್ಕಾಕ್ಕೆ ನೆಲದ ಮಾರ್ಗವೊಂದು ಬೇಕೆಂದು ಅಮೆರಿಕದ ಸೇನೆ 1942ರಲ್ಲಿ ಸುಮಾರು ಎಂಟು ತಿಂಗಳಲ್ಲಿ ಇದನ್ನು ಕಡಿದು ತೆರೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು ದುಡಿದರು. ಅವರಲ್ಲಿ ಮೂರರಲ್ಲೊಂದು ಪಾಲು ಜನ ಪ್ರತ್ಯೇಕ ದಳಗಳಲ್ಲಿ ಇರಿಸಲ್ಪಟ್ಟಿದ್ದ ಆಫ್ರಿಕನ್ ಅಮೆರಿಕನ್ನರು. ಸೇನೆಯಲ್ಲಿನ ವರ್ಣಭೇದವನ್ನು ಕೊನೆಗಾಣಿಸುವ ಆಜ್ಞೆ ಹೊರಟದ್ದು 1948ರಲ್ಲಿ. ಅದೇ ವರ್ಷ ಈ ಹೆದ್ದಾರಿ ಸಾರ್ವಜನಿಕರಿಗೆ ತೆರೆಯಿತು. ಕಾಡಿನ ಜಾಡುಗಳನ್ನು ಸೇನೆಗೆ ತೋರಿಸಿದವರಲ್ಲಿ ಅಲ್ಲಿಯ ಮೂಲನಿವಾಸಿಗಳೂ ಇದ್ದರು. ದಾರಿಯೊಡನೆ ಅವರ ಬಳಿಗೆ ಬಂದದ್ದು ಕಾಯಿಲೆ. 1942–43ರ ಚಳಿಗಾಲದಲ್ಲಿ ಟೆಸ್ಲಿನ್ ಊರಿನ ಟ್ಲಿಂಗಿಟ್ ಜನರಲ್ಲಿ ದಡಾರ ಮೊದಲಾದ ರೋಗಗಳು ಒಂದರ ಹಿಂದೊಂದರಂತೆ ಹಬ್ಬಿದವು.

ವಾಟ್ಸನ್ ಲೇಕ್ ಎಂಬ ಊರಿನಲ್ಲಿ ಪ್ರವಾಸಿಗರು ತಪ್ಪದೆ ಇಳಿಯುವ ‘ಫಲಕಗಳ ಕಾಡು’ ಇದೆ. 1942ರಲ್ಲಿ ಮನೆಯ ನೆನಪಿನಿಂದ ಬಳಲಿದ ಸೈನಿಕನೊಬ್ಬ ತನ್ನ ಊರಿನ ಹೆಸರನ್ನೂ ದೂರವನ್ನೂ ಬರೆದು ಅಲ್ಲಿ ನೆಟ್ಟ. ಅವನನ್ನು ನೋಡಿ ಬಂದಬಂದವರೆಲ್ಲ ತಮ್ಮ ಊರ ಫಲಕ ತೂಗುಹಾಕಿದರು. ಇಂದು ಅಲ್ಲಿ ಹತ್ತಾರು ಸಾವಿರ ಹೆಸರುಗಳು. ಮೊದಲ ಫಲಕದ ಹಿಂದಿನ ಸಂಕಟಕ್ಕೆ ಮನಸ್ಸು ಕರಗದಿರದು. ಆದರೆ ಜಗತ್ತಿನ ಊರುಗಳೆಲ್ಲ ತಮ್ಮ ಹೆಸರನ್ನು ನೆಟ್ಟಿರುವ ಆ ನೆಲ ಕಾಸ್ಕಾ ಜನರದ್ದು. ತನ್ನ ಊರ ಫಲಕಕ್ಕೆ ಮೊಳೆ ಹೊಡೆಯುವವನು ಆ ನೆಲವನ್ನು ಕಾಸ್ಕಾ ಭಾಷೆಯಲ್ಲಿ ಏನೆನ್ನುತ್ತಾರೆಂದು ಒಮ್ಮೆಯಾದರೂ ಕೇಳಬೇಕಲ್ಲವೆ?

ಕೇಳದಿದ್ದರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಮುಂದಿನ ಕ್ಲುಆನಿ ಸರೋವರವೇ ಸಾಕ್ಷಿ. ಸರೋವರದ ದಕ್ಷಿಣದ ತುದಿಯಲ್ಲಿ ಹೆದ್ದಾರಿ ಒಂದು ಸೇತುವೆಯನ್ನು ದಾಟುತ್ತದೆ. ಬಿಸಿಲು ಚೆನ್ನಾಗಿದ್ದು ಗಾಳಿ ಬೀಸಿದರೆ ಅಲ್ಲಿ ಧೂಳಿನ ಮೋಡವೇ ಏಳುತ್ತದೆ. ಕ್ಯಾರವಾನಿನ ಗಾಜು ಏರಿಸಿ ಮುಂದೆ ಸಾಗುವವನಿಗೆ ಅದು ಬರಿಯ ಧೂಳು. 2016ರ ವಸಂತದವರೆಗೆ ಅಲ್ಲಿ ತುಂಬು ನದಿ ಹರಿಯುತ್ತಿತ್ತು. ಕಾಸ್ಕವುಲ್ಷ್ ಹಿಮನದಿ ಕರಗಿ ಹಿಂಜರಿದುದರಿಂದ ಅದರ ನೀರು ಕೆಲವೇ ದಿನಗಳಲ್ಲಿ ಬೇರೆ ಕಣಿವೆಗೆ ತಿರುಗಿತು. ಬೇರಿಂಗ್ ಸಮುದ್ರಕ್ಕೆ ಹೋಗುತ್ತಿದ್ದ ನೀರು ಪೆಸಿಫಿಕ್‌ನತ್ತ ಹೊರಟಿತು. ನದಿ ಬತ್ತಿತು, ಸರೋವರದ ಮಟ್ಟ ಇಳಿಯಿತು. ಆ ನದಿಗೆ ನಕಾಶೆಯಲ್ಲಿದ್ದ ಹೆಸರು ಸ್ಲಿಮ್ಸ್. ಅದನ್ನು ದಾಟುವಾಗ ಮುಳುಗಿ ಸತ್ತ ಸ್ಲಿಮ್ ಎಂಬ ಕುದುರೆಯ ನೆನಪಿಗೆ ಗಣಿ ಅರಸಿ ಬಂದವರು ಇಟ್ಟ ಹೆಸರದು. ಅದಕ್ಕೂ ಮೊದಲಿನಿಂದ ದಕ್ಷಿಣ ಟುಚೋನಿ ಭಾಷೆಯಲ್ಲಿ ಅದು ‘ಆಯ್ ಚು’. ‘ಚು’ ಎಂದರೆ ನೀರು. ನೀರು ಹೋದ ಮೇಲೂ ನೀರೆಂಬ ಮಾತನ್ನು ಕಾದಿಟ್ಟಿರುವುದು ಆ ಭಾಷೆ. ದಡದ ಊರಿನವರನ್ನು ಮಾತನಾಡಿಸದವನು ಧೂಳನ್ನು ಕಂಡಾನೇ ಹೊರತು ನದಿಯನ್ನು ಕಾಣಲಾರ.

ಗಡಿಯಾಚೆಯ ಕನ್ನಡ ವಿದ್ಯಾರ್ಥಿಗೆ ಇದು ದೂರದ ಕಥೆಯಾಗಿ ತೋರಬೇಕಾಗಿಲ್ಲ. ಸೊಲ್ಲಾಪುರದ ನಿಲ್ದಾಣದಲ್ಲಿ ಫಲಕವನ್ನು ಓದಿ ಮುಂದೆ ಹೋಗುವ ಪ್ರವಾಸಿಗೂ, ಅದೇ ಊರನ್ನು ಸಿದ್ಧರಾಮನ ಸೊನ್ನಲಿಗೆಯೆಂದು ಬಲ್ಲವನಿಗೂ ಕಾಣುವ ಊರು ಒಂದೇ ಅಲ್ಲ. ಹೆಸರಿನ ಕೆಳಗೆ ಹೆಸರಿರುವ ನೆಲದಲ್ಲಿ ಬಾಳುವವರಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ಮನೆಯನ್ನು ಹೊತ್ತು ಹೋಗುವುದೂ ಇಲ್ಲಿಯವರಿಗೆ ಹೊಸದಲ್ಲ. ಜತ್ತ ಸೀಮೆಯ ಕುಟುಂಬಗಳು ಹಾಸಿಗೆ, ಪಾತ್ರೆ, ಕೋಳಿ, ಮಕ್ಕಳೊಡನೆ ಕಬ್ಬು ಕಡಿಯಲು ಪ್ರತಿ ಹಂಗಾಮಿನಲ್ಲಿ ಬಂಡಿ ಏರುತ್ತವೆ. ಅವರದು ವಿಹಾರವಲ್ಲ, ಹೊಟ್ಟೆಪಾಡು. ಅವರು ಹೋದ ಊರಿನಲ್ಲಿ ಮೊದಲು ನೀರೆಲ್ಲಿದೆ ಎಂದು ಕೇಳಲೇಬೇಕು. ಅದಕ್ಕೇ ಅವರಿಗೆ ಆ ಊರ ಮಾತು ಬರುತ್ತದೆ.

ಪ್ರವಾಸಿಯು ದಣಿವಾರಿಸಿಕೊಳ್ಳಲು ಹೋಗುತ್ತಾನೆ, ಸಂಶೋಧನೆಗಲ್ಲ ಎಂಬ ಆಕ್ಷೇಪಣೆ ಬರಬಹುದು. ಒಪ್ಪತಕ್ಕದ್ದೇ. ಆದರೆ ಹಿಂದಿರುಗಿ ಬರೆಯಲು ಕುಳಿತಾಗ ಅವನು ಪ್ರವಾಸಿಯಷ್ಟೇ ಅಲ್ಲ, ಸಾಕ್ಷಿಯೂ ಹೌದು. ನಿರ್ಜನ, ಅನಾಮಿಕ, ಆದಿಮ ಎಂಬ ವಿಶೇಷಣಗಳು ಅವನ ಲೇಖನಿಗೆ ಸುಲಭವಾಗಿ ಒದಗುತ್ತವೆ. ಯುಕಾನಿನ ಮಟ್ಟಿಗೆ ಇವು ಮೂರೂ ಸುಳ್ಳು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪ್ರವಾಸಕಥನಕ್ಕೆ ‘ಅಮೆರಿಕದಲ್ಲಿ ಗೊರೂರು’ ಎಂದು ಹೆಸರು. ಗೊರೂರು ಎಂದರೆ ಲೇಖಕರೂ ಹೌದು, ಅವರ ಹಳ್ಳಿಯೂ ಹೌದು. ಊರನ್ನು ಗೋಡೆಯಾಗಿ ಒಯ್ಯಬಹುದು, ಅಳತೆಗೋಲಾಗಿಯೂ ಒಯ್ಯಬಹುದು ಎಂಬುದನ್ನು ಆ ಶೀರ್ಷಿಕೆಯೊಂದೇ ಹೇಳುತ್ತದೆ.

ಪ್ರವಾಸ ಸಾಹಿತ್ಯವನ್ನು ಐಚ್ಛಿಕವಾಗಿ ಓದುವವರು ದೃಶ್ಯವರ್ಣನೆಯ ಸೊಬಗನ್ನು ಗುರುತಿಸಿ ಅಂಕ ಪಡೆಯುವುದು ರೂಢಿ. ಅದರ ಜೊತೆಗೆ ಕೃತಿಯ ಅಂಚಿನಲ್ಲಿ ಇನ್ನೊಂದು ಲೆಕ್ಕವನ್ನೂ ಬರೆದುಕೊಳ್ಳಬೇಕು: ಈ ಲೇಖಕ ದಾರಿಯಲ್ಲಿ ಎಷ್ಟು ಜನರ ಮಾತು ಕೇಳಿದ, ಎಷ್ಟು ಹೆಸರುಗಳನ್ನು ಅವರ ಬಾಯಿಂದ ಪಡೆದ? ಪುಟಗಳು ನೂರಾಗಿ ಈ ಲೆಕ್ಕ ಸೊನ್ನೆಯಾಗಿದ್ದರೆ, ಆ ಪ್ರವಾಸ ಇನ್ನೂ ಸೊನ್ನೆ ಮೈಲಿಯ ಕಂಬವನ್ನು ದಾಟಿಲ್ಲ.