ಕ್ಯಾನಿನ ತಳದ ‘7’ ನೋಡಿ ನೀರು ಚೆಲ್ಲಬೇಕೆ?

‘ಕ್ಯಾನಿನ ತಳದಲ್ಲಿ 7 ಇದ್ದರೆ ಆ ನೀರು ವಿಷ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. 7 ಎಂದರೆ ‘ಇತರೆ ಪ್ಲಾಸ್ಟಿಕ್’ ಎಂದಷ್ಟೇ. ಗಟ್ಟಿ, ಪಾರದರ್ಶಕ 20 ಲೀಟರ್ ಕ್ಯಾನಿನಲ್ಲಿ ಅದು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಸಿ.ಡಿ., ಹೆಲ್ಮೆಟ್‌ನ ಮುಂಗನ್ನಡಿ ಆಗುವುದೂ ಇದರಿಂದಲೇ. ಬಿದ್ದರೂ ಸುಲಭಕ್ಕೆ ಒಡೆಯದು. ಮೆತ್ತಗಾಗಲು ಸುಮಾರು 147 ಡಿಗ್ರಿ ಸೆಲ್ಸಿಯಸ್ ಬೇಕು. ಸಾದಾ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್‌ಗೆ 75ರ ಆಸುಪಾಸು ಸಾಕು.

ಹಾಗೆಂದು ಫಾರ್ವರ್ಡ್ ಪೂರ್ತಿ ಸುಳ್ಳೂ ಅಲ್ಲ. ಪಾಲಿಕಾರ್ಬೊನೇಟ್ ತಯಾರಾಗುವುದು ಬಿಸ್ಫೆನಾಲ್-ಎ ಎಂಬ ರಾಸಾಯನಿಕದಿಂದ. ಅದು ಅತ್ಯಲ್ಪ ಪ್ರಮಾಣದಲ್ಲಿ ನೀರಿಗಿಳಿಯುತ್ತದೆ. ಬಿಸಿನೀರು ಹಾಕಿದರೆ ಇನ್ನೂ ಬೇಗ. ಅದಕ್ಕೇ ಯುರೋಪ್ 2011ರಲ್ಲಿ ಹಸುಗೂಸುಗಳ ಹಾಲಿನ ಬಾಟಲಿಗೆ ಇದನ್ನು ನಿಷೇಧಿಸಿತು.

ಆದರೆ ಬಿ.ಜಿ. ಕೆರೆ ಕಡೆಯವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಗೂ ಪೆಟ್ಟು. ಕುದಿಸಿದರೂ ಫ್ಲೋರೈಡ್ ಹೋಗದು. ಕ್ಯಾನಿಗೆ ಹೆದರಿ ಶುದ್ಧ ನೀರಿನ ಘಟಕ ಬಿಟ್ಟು ಬೋರ್‌ವೆಲ್‌ಗೆ ಮರಳುವುದೇ, ನನ್ನ ಪ್ರಕಾರ, ದೊಡ್ಡ ಅಪಾಯ. ಕ್ಯಾನನ್ನು ಬಿಸಿಲಲ್ಲಿಡಬೇಡಿ, ಗೀರು ಬಿದ್ದು ಮಸುಕಾಗಿದ್ದರೆ ಬದಲಿಸಿ. ಮನೆಗೆ ತಂದ ಕೂಡಲೇ ಸ್ಟೀಲ್ ಬಿಂದಿಗೆಗೆ ಸುರಿದಿಟ್ಟರೂ ಆಯಿತು.