ಪ್ಲೇಟಿನ ಮೇಲಿನ ಹೆಸರು

ಹೋದ ಮೂರು ತಿಂಗಳಲ್ಲಿ ನನ್ನ ಸಂಗ್ರಹಕ್ಕೆ ಹೊಸದಾಗಿ ಸೇರಿದ್ದು ಎರಡು 78 ಆರ್‌ಪಿಎಂ ಪ್ಲೇಟು, ಒಂದು ಎಲ್‌ಪಿ, ಎರಡು ಕ್ಯಾಸೆಟ್. ಮೊದಲ ಮೂರು ಪುಣೆಯ ಜುನಾ ಬಜಾರಿನಲ್ಲಿ ರವಿವಾರ ಬೆಳಿಗ್ಗೆ ಹಳೆ ನಲ್ಲಿ, ಸ್ಪ್ಯಾನರು, ಮೊಬೈಲ್ ಚಾರ್ಜರುಗಳ ನಡುವೆ ಕೂತು ಆರಿಸಿದವು. ಕ್ಯಾಸೆಟ್ ಎರಡೂ ಮನೆ ಖಾಲಿ ಮಾಡುತ್ತಿದ್ದ ಪರಿಚಯದ ಹಿರಿಯರೊಬ್ಬರು ಕೊಟ್ಟಿದ್ದು. "ಇದೆಲ್ಲ ಆ್ಯಪಿನಲ್ಲೇ ಸಿಗುತ್ತಲ್ಲ, ಇಡೋಕೆ ಜಾಗ ಎಲ್ಲಿದೆ?" ಎಂದು ಮನೆಯಲ್ಲಿ ಕೇಳುತ್ತಾರೆ. ಹಾಡು ಆ್ಯಪಿನಲ್ಲಿ ಸಿಗುತ್ತದೆ, ನಿಜ. ಅದರ ಜೊತೆ ಬರಬೇಕಾದ ಇನ್ನೊಂದು ಸಿಗುವುದಿಲ್ಲ. ಏನದು ಎಂದು ಒಂದೊಂದಾಗಿ ನೋಡೋಣ.

ಮೊದಲನೆಯದು 1930ರ ದಶಕದ ಒಂದು ಎಚ್‌ಎಂವಿ ಪ್ಲೇಟು. ಲೇಬಲಿನ ಮೇಲೆ 'ಗಾಂಧಾರಿ ಹಾನಗಲ್' ಎಂದಿದೆ. ಅಂಗಡಿಯವನಿಗೆ ಅದು ಯಾರೋ ಮರೆತುಹೋದ ಗಾಯಕಿ. ಆತ ಹೇಳಿದ ಬೆಲೆ ಇನ್ನೂರು ರೂಪಾಯಿ. ಅದು ನಮ್ಮ ಗಂಗೂಬಾಯಿ ಹಾನಗಲ್ ಅವರೇ. ಗಾಂಧಾರಿ ಅವರ ಮೊದಲ ಹೆಸರು. ಸೂಜಿ ಇಟ್ಟರೆ ಇನ್ನೊಂದು ಅಚ್ಚರಿ: ನಾವೆಲ್ಲ ಬಲ್ಲ ಆ ಗಂಡುದನಿಯಂಥ ಗಂಭೀರ ಕಂಠ ಇದರಲ್ಲಿಲ್ಲ. ತೆಳ್ಳಗೆ, ಎತ್ತರದ ಶ್ರುತಿಯಲ್ಲಿ, ಚುರುಕಾಗಿ ಓಡುವ ಎಳೆಯ ಹೆಂಗಸಿನ ದನಿ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅವರ ದನಿ ಪೂರ್ತಿ ಬದಲಾಯಿತು. ಹೆಸರೂ ಬೇರೆ, ದನಿಯೂ ಬೇರೆ ಆದಾಗ ಎರಡನ್ನೂ ಒಬ್ಬರೇ ಎಂದು ಜೋಡಿಸುವುದು ಗೊತ್ತಿದ್ದವರ ನೆನಪು ಮಾತ್ರ. ಆ್ಯಪಿನಲ್ಲಿ ಬರೀ 'ಗಂಗೂಬಾಯಿ' ಎಂದು ಹುಡುಕಿದೆ. ಮೊದಲು ಬಂದದ್ದು ಅದೇ ಹೆಸರಿನ ಹಿಂದಿ ಸಿನಿಮಾದ ಹಾಡುಗಳು. ಹುಬ್ಬಳ್ಳಿಯ ಅಜ್ಜಿ ಸಿಗಲು ಬಹಳ ಕೆಳಗೆ ಹೋಗಬೇಕಾಯಿತು. ಗಾಂಧಾರಿ ಸಿಗಲೇ ಇಲ್ಲ.

ಧ್ವನಿಮುದ್ರಣ ನಮ್ಮ ದೇಶಕ್ಕೆ ಬಂದ ಹೊಸತರಲ್ಲಿ ಈ ಹೆಸರಿನ ಸಮಸ್ಯೆಯನ್ನು ಬಹಳ ಸರಳವಾಗಿ ಬಗೆಹರಿಸಿದ್ದರು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡರು. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಕೇಳಿದವರಿಗೆ ಅದು ಠೀವಿ ಅನ್ನಿಸುತ್ತದೆ. ಇದ್ದದ್ದು ಕೆಲಸದ ಕಾರಣ. ಮುದ್ರಿಸಿದ ಮೂಲಪ್ರತಿಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಪ್ಲೇಟುಗಳಾಗಿ ಬರಬೇಕಿತ್ತು. ಯಾವ ಪ್ಲೇಟಿಗೆ ಯಾರ ಲೇಬಲ್ ಅಂಟಿಸಬೇಕೆಂದು ಅಲ್ಲಿನವರಿಗೆ ತಿಳಿಯಲಿ ಎಂದು ಹಾಡಿನೊಳಗೇ ಹೆಸರು ಸೇರಿಸಿದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಡೇಟಾ ಮತ್ತು ಮೆಟಾಡೇಟಾ ಒಂದೇ ಗೆರೆಯಲ್ಲಿದ್ದವು. ಒಂದನ್ನು ಬಿಟ್ಟು ಇನ್ನೊಂದು ಕಳೆದುಹೋಗಲು ಸಾಧ್ಯವೇ ಇರಲಿಲ್ಲ.

ಎರಡನೆಯ ಪ್ಲೇಟು ಉಸ್ತಾದ್ ಅಬ್ದುಲ್ ಕರೀಂ ಖಾನರದು: ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿ. ಉತ್ತರದ ಕೈರಾನಾದಲ್ಲಿ ಹುಟ್ಟಿ, ಮಿರಜಿನಲ್ಲಿ ನೆಲೆಸಿ, ಮೈಸೂರು ಆಸ್ಥಾನದಲ್ಲಿ ಹಾಡಿ, ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟ ದಾರಿಯಲ್ಲಿ ಒಂದು ರೈಲು ನಿಲ್ದಾಣದಲ್ಲಿ 1937ರಲ್ಲಿ ಪ್ರಾಣ ಬಿಟ್ಟ ಮನುಷ್ಯ. ತೆಲುಗು ಸಾಹಿತ್ಯವನ್ನು ತನ್ನದೇ ನಾಲಿಗೆಯಲ್ಲಿ ಹೊರಳಿಸುತ್ತಾ, ಸ್ವರಗಳನ್ನು ಮಾತ್ರ ಒಂದೊಂದಾಗಿ ಪ್ರೀತಿಯಿಂದ ಹಚ್ಚುತ್ತಾರೆ. ಇವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಮತ್ತು ಭೀಮಸೇನ ಜೋಶಿ. ಹೀಗಾಗಿ ನನ್ನ ಕಪಾಟಿನಲ್ಲಿ ಈಗ ಅಜ್ಜ, ಮೊಮ್ಮಗಳು ಅಕ್ಕಪಕ್ಕ ಕೂತಿದ್ದಾರೆ.

ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. 78ರ ಪ್ಲೇಟಿನ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಲೇಬಲಿನಲ್ಲಿ ಹಾಡಿದವರ ಹೆಸರು, ರಾಗ, ನಂಬರು ಇದ್ದರೆ ಹೆಚ್ಚು. ತಬಲಾ ಯಾರು, ಹಾರ್ಮೋನಿಯಂ ಯಾರು ಎಂದು ಸಾಮಾನ್ಯವಾಗಿ ಬರೆಯುತ್ತಲೇ ಇರಲಿಲ್ಲ. ಆ ಮಟ್ಟಿಗೆ ಎಲ್‌ಪಿ ದೊಡ್ಡ ಉಪಕಾರ ಮಾಡಿತು. ಹಾಡುವುದಕ್ಕೆ ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು, ಬರೆಯುವುದಕ್ಕೆ ಹನ್ನೆರಡು ಅಂಗುಲದ ಕವರು ಸಿಕ್ಕಿತು.

ಮೂರನೆಯದು ಅಂಥ ಒಂದು ಎಲ್‌ಪಿ, ಕುಮಾರ ಗಂಧರ್ವರದು. ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರ ಕೋಮಕಲಿಮಠ, ಕ್ಷಯಕ್ಕೆ ತುತ್ತಾಗಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ವರ್ಷಗಟ್ಟಲೆ ಹಾಡದೆ ಮಲಗಿ, ಎದ್ದ ಮೇಲೆ ಬೇರೆಯದೇ ಸಂಗೀತ ಹಾಡಿದವರು. ಕವರಿನ ಒಂದು ಮೂಲೆ ಗೆದ್ದಲಿಗೆ ಹೋಗಿದೆ. ಆದರೆ ಹಿಂಬದಿಯಲ್ಲಿ 'ತಬಲಾ: ವಸಂತ ಆಚರೇಕರ್' ಎಂಬುದು ಇನ್ನೂ ಓದಲು ಬರುತ್ತದೆ. ಕುಮಾರರ ಉಸಿರು ಚಿಕ್ಕದು. ತಾನುಗಳು ತುಂಡು ತುಂಡಾಗಿ ಮಿಂಚಿ ನಿಲ್ಲುತ್ತವೆ, ನಡುವೆ ಖಾಲಿ ಜಾಗ ಉಳಿಯುತ್ತದೆ. ಆ ಜಾಗವನ್ನು ತುಂಬಲು ಆತುರಪಡದೆ ಸುಮ್ಮನೆ ಠೇಕಾ ಹಿಡಿದು ಕೂರುವ ತಬಲಾ ಇಲ್ಲದಿದ್ದರೆ ಆ ಸಂಗೀತ ನಿಲ್ಲುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಈ ಹೆಸರು ಓದದಿದ್ದರೆ ಅದನ್ನು ಹಾಗೆ ಗಮನವಿಟ್ಟು ಕೇಳುತ್ತಲೂ ಇರಲಿಲ್ಲ. ಇದೇ ಎಲ್‌ಪಿಯ ಡಿಜಿಟಲ್ ಪ್ರತಿಯಲ್ಲಿ ನನಗೆ ಕಂಡದ್ದು ಒಂದೇ ಹೆಸರು, ಕುಮಾರ ಗಂಧರ್ವ.

ನಾಲ್ಕನೆಯದು ಮಲ್ಲಿಕಾರ್ಜುನ ಮನ್ಸೂರರ ಕ್ಯಾಸೆಟ್. ಅಣ್ಣಾವರ ಹಾಡಿಕೆಯಲ್ಲಿ ಬೆನ್ನ ಹಿಂದೆ ಇನ್ನೊಂದು ದನಿ ಕೇಳುತ್ತದೆ. ಅವರು ಉಸಿರು ತೆಗೆದುಕೊಳ್ಳುವಾಗ ಎಳೆ ಕಡಿಯದಂತೆ ಹಿಡಿದು, ಅವರು ಬಂದ ಕೂಡಲೇ ಪಕ್ಕಕ್ಕೆ ಸರಿಯುವ ದನಿ. ಅದು ಮಗ ರಾಜಶೇಖರ ಮನ್ಸೂರ ಅವರದು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳಿ, ಸಂಜೆ ತಂದೆಯ ಹಿಂದೆ ತಂಬೂರಿ ಹಿಡಿದವರು. ಗಂಗೂಬಾಯಿಯವರ ಹಿಂದೆ ಮಗಳು ಕೃಷ್ಣಾ ಹಾನಗಲ್ ಹಾಗೆಯೇ ಹಾಡಿದರು. ಶಿವಮತ ಭೈರವ, ಲಲಿತಾಗೌರಿಯಂಥ ಅಪರೂಪದ ರಾಗಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದ್ದು ವೇದಿಕೆಯ ಮೇಲೆ, ಎಲ್ಲರ ಕಣ್ಣೆದುರು, ಹೀಗೆ ಹಿಂದೆ ಕೂತು ಹಾಡುತ್ತಲೇ. ಆ ಹೆಸರನ್ನು ಅಳಿಸಿದರೆ ಕೇಳುಗನಿಗೆ ಆ ದಾಟುವಿಕೆಯೇ ಕಾಣುವುದಿಲ್ಲ. ಯಾರೋ 'ಕೋರಸ್' ಹಾಡಿದಂತೆ ಕೇಳಿಸುತ್ತದೆ.

ಐದನೆಯದು ನನ್ನ ನಿದ್ದೆ ಕೆಡಿಸಿರುವುದು. ಅಂಗಡಿಯದಲ್ಲ, ಯಾರೋ ಮನೆಯ ಬೈಠಕ್ಕಿನಲ್ಲಿ ಮುದ್ರಿಸಿಕೊಂಡ ತೊಂಬತ್ತು ನಿಮಿಷದ ಕ್ಯಾಸೆಟ್. ಒಳಗಿನ ಚೀಟಿಯಲ್ಲಿ ನೀಲಿ ಶಾಯಿಯ ಕನ್ನಡ ಅಕ್ಷರ: 'ಬಸವರಾಜ ರಾಜಗುರು'. ಅದರ ಕೆಳಗೆ 'ತಬಲಾ', ಎರಡು ಚುಕ್ಕಿ, ಆಮೇಲೆ ಹೆಸರಿದ್ದ ಕಡೆ ಮಳೆನೀರಿನ ಕಲೆ. ರಾಜಗುರು ಅವರು ಹುರುಪಿನಲ್ಲಿದ್ದಾರೆ, ನಡುನಡುವೆ ಧಾರವಾಡ ಕನ್ನಡದಲ್ಲಿ ಯಾರನ್ನೋ ಚಹಾ ತರಲು ಹೇಳುತ್ತಾರೆ. ತಬಲಾದವರು ಮುಖ್ಯ ಖಯಾಲಿನ ಉದ್ದಕ್ಕೂ ಅದೆಷ್ಟು ಹಿತವಾಗಿ ನುಡಿಸುತ್ತಾರೆಂದರೆ, ಒಂದು ಕಡೆ ರಾಜಗುರು ಅವರೇ 'ಭಲೆ' ಎನ್ನುತ್ತಾರೆ. ಭಲೆ ಎನ್ನಿಸಿಕೊಂಡವರು ಯಾರು? ಕ್ಯಾಸೆಟ್ ಕೊಟ್ಟ ಹಿರಿಯರು ಹೇಳಿದ್ದಿಷ್ಟು: "ನಮ್ಮ ಅಣ್ಣ ಇದ್ದಿದ್ರೆ ಹೇಳ್ತಿದ್ದ ನೋಡ್ರಿ. ಹೋಗಿ ನಾಕು ವರ್ಷ ಆತು." ಹುಬ್ಬಳ್ಳಿ, ಗದಗಿನ ಮೂವರು ರಸಿಕರಿಗೆ ತುಣುಕು ಕಳಿಸಿದ್ದೇನೆ. ಮೂವರೂ ಮೂರು ಹೆಸರು ಹೇಳಿದ್ದಾರೆ. ಹಾಗಾಗಿ ಫೈಲಿನಲ್ಲಿ 'ತಬಲಾ: ಗೊತ್ತಾಗಬೇಕು' ಎಂದು ಬರೆದಿಟ್ಟಿದ್ದೇನೆ. ಊಹಿಸಿದ ಹೆಸರು ಹಾಕುವುದಿಲ್ಲ. ಒಮ್ಮೆ ತಪ್ಪು ಹೆಸರು ಹಾಕಿದರೆ ಅದು ನೂರು ಫೋನುಗಳಿಗೆ ಹೋಗಿ ಸತ್ಯವಾಗಿ ಕೂತುಬಿಡುತ್ತದೆ.

ನಮ್ಮ ಓದುಗರಲ್ಲಿ ಹಲವರ ಮನೆಯಲ್ಲಿ ಇಂಥ ಪೆಟ್ಟಿಗೆಗಳಿವೆ ಎಂದು ನನಗೆ ಗೊತ್ತು. ದಾದರ್, ಮಾಟುಂಗಾ, ಸದಾಶಿವ ಪೇಟೆಯ ಹಳೆ ಕಟ್ಟಡಗಳು ಒಂದೊಂದಾಗಿ ಇಳಿದು ಟವರುಗಳಾಗುತ್ತಿವೆ. ಅಟ್ಟ ಖಾಲಿ ಮಾಡುವ ದಿನ ಪೆಟ್ಟಿಗೆ ರದ್ದಿಗೆ ಹೋಗುತ್ತದೆ. ಕೊಡುವ ಮುನ್ನ ಎರಡು ಕೆಲಸ ಮಾಡಿ. ಮೊದಲು ಎಲ್ಲ ಲೇಬಲ್, ಕವರು, ಒಳಚೀಟಿಗಳ ಫೋಟೊ ತೆಗೆಯಿರಿ. ಪ್ಲೇಟಿನಲ್ಲಿ ಲೇಬಲಿನ ಸುತ್ತ ಕೆತ್ತಿರುವ ನಂಬರಿನದೂ ಬೇಕು, ಮುದ್ರಣದ ಕಾಲ ಹುಡುಕಲು ಅದೇ ಕೀಲಿಕೈ. ಎರಡನೆಯದು, ಮನೆಯ ಹಿರಿಯರನ್ನು ಕೂರಿಸಿ ಕೇಳಿ: ಎಲ್ಲಿ ಮುದ್ರಿಸಿದ್ದು, ಯಾರ ಮನೆ, ಜೊತೆಗೆ ನುಡಿಸಿದವರು ಯಾರು. ಫೋನಿನಲ್ಲಿ ಅವರ ಮಾತನ್ನೇ ಮುದ್ರಿಸಿಕೊಂಡರೂ ಆದೀತು. ಹಾಡನ್ನು ಡಿಜಿಟಲ್ ಮಾಡುವುದು ಮುಂದಿನ ವರ್ಷವೂ ಆಗುತ್ತದೆ. ಈ ಕೆಲಸ ಮುಂದಿನ ವರ್ಷಕ್ಕೆ ಕಾಯುವುದಿಲ್ಲ.

ಪ್ಲೇಟು ತೊಳೆಯುವವರಿಗೊಂದು ಮಾತು. 78ರ ಪ್ಲೇಟು ಅರಗಿನದು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಹಾಡೂ ಹೋಗುತ್ತದೆ. ತಣ್ಣೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆ ಬಟ್ಟೆ ಸಾಕು. ಲೇಬಲಿಗೆ ನೀರು ತಾಗಿಸಬೇಡಿ. ಎಲ್‌ಪಿಯ ಸೂಜಿಯಲ್ಲಿ 78 ಹಾಕಬೇಡಿ. ಅದರ ಗೆರೆ ಅಗಲ, ಬೇರೆ ಸೂಜಿಯೇ ಬೇಕು.

ಮುಂದಿನ ತಿಂಗಳು ಚೆನ್ನೈ ಗೆಳೆಯರ ಬಹುದಿನದ ಬೇಡಿಕೆಯಂತೆ ದಕ್ಷಿಣಾದಿಯ ಸರದಿ: ಮೈಸೂರು ಚೌಡಯ್ಯನವರ ಏಳು ತಂತಿಯ ಪಿಟೀಲು. ಅಷ್ಟರೊಳಗೆ ರಾಜಗುರು ಅವರ ಹಿಂದೆ ತಬಲಾ ನುಡಿಸಿದವರನ್ನು ಕಂಡು ಬಲ್ಲವರು ನಿಮ್ಮ ಮನೆಯಲ್ಲಿದ್ದರೆ ಪತ್ರಿಕೆಗೆ ಬರೆಯಿರಿ. ತುಣುಕು ಕಳಿಸುತ್ತೇನೆ.